ಹಳೆ ಕಾರಿನ ಫ್ಯುಯೆಲ್ ಪಂಪ್ ಸತ್ತಿದೆಯಾ, ಕರೆಂಟ್ ಬರ್ತಿಲ್ವಾ? ಪಂಪ್ ಬದಲಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜ್‌ನವರು ಟ್ಯಾಂಕ್ ಮೇಲೆ ಒಂದೆರಡು ಸಲ ತಟ್ಟಿ, "ಪಂಪ್ ಹೋಗಿದೆ ಸಾರ್" ಅನ್ನುತ್ತಾರೆ. ಕೆಲವೊಮ್ಮೆ ಅದು ನಿಜ. ಆದರೆ ಹದಿನೈದು ಇಪ್ಪತ್ತು ವರ್ಷದ ಗಾಡಿಯಲ್ಲಿ ಪಂಪ್‌ಗಿಂತ ಮೊದಲು ಅದರ ವೈರು, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ರಿಲೇ (ಕರೆಂಟ್‌ನಿಂದ ಆನ್ ಆಗುವ ಸ್ವಿಚ್), ಅರ್ತ್ (ಕರೆಂಟ್ ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಕೈಕೊಟ್ಟಿರುವ ಸಾಧ್ಯತೆ ಬಹಳ ಇರುತ್ತದೆ. ಅದನ್ನು ನೋಡದೆ ಹೊಸ ಪಂಪ್ ಹಾಕಿದರೆ ಎರಡು ತಿಂಗಳಿಗೆ ಮತ್ತೆ ಅದೇ ರೋಗ.

ಈ ಬರಹ ಪೆಟ್ರೋಲ್ ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಕಾರುಗಳಿಗೆ. ಅಂದರೆ 2000ದ ಆಸುಪಾಸಿನಿಂದ ನಮ್ಮ ರಸ್ತೆಗೆ ಬಂದ ಮಾರುತಿ 800 ಎಂಪಿಎಫ್‌ಐ, ಝೆನ್, ಆಲ್ಟೊ, ಸ್ಯಾಂಟ್ರೊ, ಆ ಕಾಲದ ಹೋಂಡಾ ಸಿಟಿ ಥರದವು. ಇವುಗಳಲ್ಲಿ ಪಂಪ್ ಟ್ಯಾಂಕ್ ಒಳಗೇ ಮುಳುಗಿ ಕೂತಿರುತ್ತದೆ. ಅದಕ್ಕೂ ಹಿಂದಿನ ಕಾರ್ಬೊರೇಟರ್ 800 ನಿಮ್ಮದಾಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದರ ಪಂಪ್ ಎಂಜಿನ್ ಪಕ್ಕದಲ್ಲಿ ಕ್ಯಾಮ್‌ನಿಂದ ಓಡುತ್ತದೆ, ಅದಕ್ಕೆ ವೈರೇ ಇಲ್ಲ.

ಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ದುಬಾರಿಯದೇ ಬೇಕಿಲ್ಲ, 10 ಆಂಪ್ ಡಿಸಿ ಅಳೆಯುವಂಥದ್ದಿರಲಿ. ಇಂಡಿಕೇಟರ್‌ಗೆ ಹಾಕುವ 21 ವ್ಯಾಟ್ ಬಲ್ಬ್ ಒಂದು, ಹೋಲ್ಡರ್ ಮತ್ತು ಉದ್ದ ವೈರ್ ಸಮೇತ. ಹೆಡ್‌ಲೈಟಿನ ಹಳೆ 60/55 ವ್ಯಾಟ್ ಬಲ್ಬ್ ಇದ್ದರೆ ಅದನ್ನೂ ಎಸೆಯಬೇಡಿ, ಈ ಕೆಲಸಕ್ಕೆ ಅದರಂಥ ಸಾಧನ ಇನ್ನೊಂದಿಲ್ಲ. ಮಧ್ಯೆ 15 ಆಂಪ್ ಫ್ಯೂಸ್ ಇರುವ ಒಂದು ಜಂಪರ್ ವೈರ್. ಮುಂದಿನ ಬ್ಯಾಟರಿಯಿಂದ ಡಿಕ್ಕಿ ತನಕ ಮುಟ್ಟುವಷ್ಟು ಉದ್ದದ ಇನ್ನೊಂದು ವೈರ್. ಬೆಂಗಳೂರಿನವರಿಗೆ ಜೆಸಿ ರೋಡ್, ಎಸ್‌ಪಿ ರೋಡ್ ಕಡೆ ಹೋದರೆ ಎಲ್ಲವೂ ಸಿಗುತ್ತದೆ. ಬೇರೆ ಊರಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿ ಸಾಕು. ಆಯಾ ಮಾಡೆಲ್‌ನ ವೈರಿಂಗ್ ಡಯಾಗ್ರಾಮ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತಂಗುತ್ತದೆ. ಹಾಗಾಗಿ ಮುಚ್ಚಿದ ಶೆಡ್‌ನಲ್ಲಿ ಈ ಕೆಲಸ ಬೇಡ, ಬಯಲಲ್ಲಿ ಮಾಡಿ. ಪುಡಿ ತುಂಬಿದ ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಂತಿರಲಿ. ಟ್ಯಾಂಕ್ ಹತ್ತಿರ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಯಾವ ವಿದ್ಯುತ್ ಪರೀಕ್ಷೆಯನ್ನೂ ಮಾಡಬೇಡಿ. ಮೊದಲು ಸೋರಿಕೆ ಎಲ್ಲಿ ಅಂತ ಹುಡುಕಿ. ಮುಖ್ಯವಾದ ಇನ್ನೊಂದು ನಿಯಮ: ಹಿಂದೆ ಟ್ಯಾಂಕ್ ಕಡೆ ವೈರ್ ಜೋಡಿಸುವುದನ್ನೆಲ್ಲ ಕೀ ಆಫ್ ಇರುವಾಗ ಮುಗಿಸಿಕೊಳ್ಳಿ, ಕರೆಂಟ್ ಹರಿಸುವುದನ್ನು ಮುಂದೆ ಕೀಯಿಂದಲೇ ಮಾಡಿ. ಆಗ ಕಿಡಿ ಹಾರಿದರೂ ಟ್ಯಾಂಕ್‌ನಿಂದ ದೂರದಲ್ಲಿ ಹಾರುತ್ತದೆ.

ಮೊದಲು ಕಿವಿ, ಆಮೇಲೆ ಮೀಟರ್

ಕಿಟಕಿ ಏರಿಸಿ, ಫ್ಯಾನ್, ಮ್ಯೂಸಿಕ್ ಎಲ್ಲ ಆಫ್ ಮಾಡಿ. ಕೀಯನ್ನು ಆನ್ ತನಕ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ "ಝೂಂ" ಅಂತ ಸದ್ದು ಬಂದು ನಿಲ್ಲಬೇಕು. ಎಂಜಿನ್‌ನ ಕಂಪ್ಯೂಟರ್, ಅಂದರೆ ಇಸಿಯು, ಪಂಪನ್ನು ಸ್ವಲ್ಪ ಹೊತ್ತು ಓಡಿಸಿ ಲೈನ್‌ನಲ್ಲಿ ಒತ್ತಡ ತುಂಬಿಸುತ್ತದೆ. ಎಂಜಿನ್ ತಿರುಗುತ್ತಿರುವ ಸಿಗ್ನಲ್ ಬರದಿದ್ದರೆ ಪಂಪ್ ನಿಲ್ಲಿಸುತ್ತದೆ. ಇದು ಸುರಕ್ಷತೆಗೆ ಇಟ್ಟ ವ್ಯವಸ್ಥೆ. ಅಪಘಾತದಲ್ಲಿ ಎಂಜಿನ್ ನಿಂತರೆ ಪೆಟ್ರೋಲ್ ಹರಿಯುವುದೂ ನಿಲ್ಲಬೇಕು, ಅಲ್ವಾ?

ಸದ್ದು ಕೇಳುತ್ತಲೇ ಡ್ಯಾಶ್‌ಬೋರ್ಡ್‌ನ ಚೆಕ್ ಎಂಜಿನ್ ದೀಪವನ್ನೂ ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೀ ಆನ್ ಮಾಡಿದಾಗ ಆ ದೀಪ ಹತ್ತಲೇಬೇಕು. ಹತ್ತದಿದ್ದರೆ, ಬಲ್ಬ್ ಸರಿಯಿದ್ದಲ್ಲಿ, ಇಸಿಯುಗೇ ಕರೆಂಟ್ ಇಲ್ಲ ಅಂತ ಅರ್ಥ. ಆಗ ಪಂಪ್ ಕಡೆ ಹೋಗುವುದೇ ಬೇಡ, ಇಸಿಯು ಫ್ಯೂಸ್, ಮೇನ್ ರಿಲೇ, ಇಗ್ನಿಷನ್ ಸ್ವಿಚ್ ನೋಡಿ. ದೀಪ ಹತ್ತಿಯೂ ಪಂಪ್ ಸದ್ದು ಮಾಡದಿದ್ದರೆ ಮುಂದೆ ಓದಿ. ಪಂಪ್ ಸದ್ದು ಸರಿಯಾಗಿ ಬಂದೂ ಗಾಡಿ ಸ್ಟಾರ್ಟ್ ಆಗದಿದ್ದರೆ ಸ್ಪಾರ್ಕ್, ಇಂಜೆಕ್ಟರ್, ಫಿಲ್ಟರ್ ಕಡೆಗೂ ಅನುಮಾನ ಹೋಗಬೇಕು. ಆದರೆ ಸದ್ದು ಬಂದಾಕ್ಷಣ ಪಂಪ್‌ನ ಕರೆಂಟ್ ಸರಿಯಿದೆ ಎಂದು ಬಿಡಬೇಡಿ. 9 ವೋಲ್ಟ್‌ನಲ್ಲೂ ಪಂಪ್ ಸದ್ದು ಮಾಡುತ್ತದೆ, ಸಾಕಷ್ಟು ಪೆಟ್ರೋಲ್ ಮಾತ್ರ ತಳ್ಳುವುದಿಲ್ಲ.

ಬ್ಯಾಟರಿ ಮತ್ತು ಫ್ಯೂಸ್

ಗಾಡಿ ನಿಂತಿರುವಾಗ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಚಾರ್ಜ್ ಮಾಡಿ, ಟರ್ಮಿನಲ್ ಉಜ್ಜಿ. ಸೋತ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಅಳತೆಗೂ ಬೆಲೆ ಇಲ್ಲ.

ಫ್ಯೂಸ್ ಬಾಕ್ಸ್‌ನ ಮುಚ್ಚಳದ ಮೇಲೆ ಪಂಪ್‌ನ ಫ್ಯೂಸ್ ಯಾವುದೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ 15 ಆಂಪ್‌ನ ನೀಲಿ ಫ್ಯೂಸ್. ಕಣ್ಣಲ್ಲಿ ನೋಡಿ ಸರಿಯಿದೆ ಅನ್ನಬೇಡಿ. ಕೀ ಆನ್ ಮಾಡಿ, ಫ್ಯೂಸ್‌ನ ತಲೆಯ ಮೇಲೆ ಕಾಣುವ ಎರಡು ಚುಕ್ಕೆಗಳಲ್ಲೂ ವೋಲ್ಟ್ ಅಳೆಯಿರಿ. ಎರಡೂ ಕಡೆ ಬ್ಯಾಟರಿಯಷ್ಟೇ ಬರಬೇಕು. ಫ್ಯೂಸ್ ತೆಗೆದು ಅದರ ಕಾಲುಗಳನ್ನೂ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಸಡಿಲವಾಗಿ ಬಿಸಿಯಾಗುತ್ತಿದೆ.

ಫ್ಯೂಸ್ ಸುಟ್ಟಿದ್ದರೆ ಅದೇ ಆಂಪ್‌ನ ಹೊಸದು ಒಂದು ಸಲ ಹಾಕಿ. ಮತ್ತೆ ಸುಟ್ಟರೆ 30 ಆಂಪ್ ಹಾಕುವ ಬುದ್ಧಿವಂತಿಕೆ ತೋರಿಸಬೇಡಿ, ವೈರ್ ಹೊತ್ತಿಕೊಳ್ಳುತ್ತದೆ. ಫ್ಯೂಸ್ ಜಾಗದಲ್ಲಿ 21 ವ್ಯಾಟ್ ಬಲ್ಬ್ ಸಿಕ್ಕಿಸಿ. ಹಿಂದೆ ಪಂಪ್‌ನ ಕಪ್ಲರ್ ಬಿಚ್ಚಿ, ಕೆಳಗೆ ರಿಲೇ ಭಾಗದಲ್ಲಿ ಹೇಳಿರುವ ಜಂಪರ್ ಹಾಕಿ ಕೀ ಆನ್ ಮಾಡಿ. ಬಲ್ಬ್ ಆರಿದರೆ ಪಂಪ್ ಒಳಗೆ ಜಾಮ್ ಅಥವಾ ಶಾರ್ಟ್. ಕಪ್ಲರ್ ಬಿಚ್ಚಿದ ಮೇಲೂ ಪೂರ್ತಿ ಬೆಳಗುತ್ತಿದ್ದರೆ ವೈರ್ ಎಲ್ಲೋ ಗಾಡಿಯ ಲೋಹದ ಬಾಡಿಗೆ ತಾಗುತ್ತಿದೆ. ಬಾಗಿಲ ಪಟ್ಟಿಯ ಕೆಳಗೆ, ಸೀಟಿನ ಹಳಿಗಳ ಹತ್ತಿರ, ಹಿಂದೆ ಸ್ಪೀಕರ್ ಹಾಕುವಾಗ ಸ್ಕ್ರೂ ಹೊಡೆದ ಕಡೆ ಹಾರ್ನೆಸ್, ಅಂದರೆ ವೈರುಗಳ ಕಟ್ಟನ್ನು, ಅಲುಗಾಡಿಸುತ್ತಾ ಹೋಗಿ. ಬಲ್ಬ್ ಮಿಣುಕಿದ ಜಾಗದಲ್ಲೇ ಕಳ್ಳ ಇದ್ದಾನೆ. ಮಲೆನಾಡಿನ ಮನೆಗಳಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದ ಗುರುತುಗಳನ್ನೂ ಹುಡುಕಬೇಕು.

ರಿಲೇ: ಟಿಕ್ ಅಂದರೆ ಸಾಲದು

ರಿಲೇಯಲ್ಲಿ ಎರಡು ಭಾಗ. ಒಂದು ಕಾಯಿಲ್, ಇನ್ನೊಂದು ಕಾಂಟ್ಯಾಕ್ಟ್. ಕಾಲುಗಳಿಗೆ ನಂಬರ್ ಇರುವ ರಿಲೇಗಳಲ್ಲಿ 85, 86 ಕಾಯಿಲ್‌ನವು. 30ರಿಂದ ಕರೆಂಟ್ ಒಳಗೆ ಬಂದು 87ರಿಂದ ಪಂಪ್‌ಗೆ ಹೋಗುತ್ತದೆ. ಜಪಾನಿ ಮಾದರಿಯ ಕೆಲವು ರಿಲೇಗಳಲ್ಲಿ ಈ ನಂಬರ್ ಇರುವುದಿಲ್ಲ. ಆಗ ಓಮ್ ಅಳೆಯಿರಿ. ಸಾಮಾನ್ಯವಾಗಿ 50ರಿಂದ 120 ಓಮ್ ತೋರಿಸುವ ಜೋಡಿ ಕಾಯಿಲ್, ಏನೂ ತೋರಿಸದ ಜೋಡಿ ಕಾಂಟ್ಯಾಕ್ಟ್.

ಟಿಕ್ ಅನ್ನುವ ಸದ್ದು ಬಂದರೆ ಕಾಯಿಲ್ ಕೆಲಸ ಮಾಡಿತು ಅಂತ ಮಾತ್ರ ಗೊತ್ತಾಗುತ್ತದೆ. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೆ ಟಿಕ್ ಬಂದರೂ ಕರೆಂಟ್ ದಾಟುವುದಿಲ್ಲ. ಅದೇ ಬಾಕ್ಸ್‌ನಲ್ಲಿ ಅದೇ ಪಾರ್ಟ್ ನಂಬರಿನ ಹಾರ್ನ್ ಅಥವಾ ಫ್ಯಾನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ನಂತರ ಜಂಪರ್ ಪರೀಕ್ಷೆ. ರಿಲೇ ಕಿತ್ತು, ಸಾಕೆಟ್‌ನ 30 ಮತ್ತು 87ರ ಮಧ್ಯೆ ಫ್ಯೂಸ್ ಇರುವ ಜಂಪರ್ ಹಾಕಿ, ಕೀ ಆನ್ ಮಾಡಿ. ಯಾವ ತೂತು ಯಾವುದೆಂದು ಖಾತ್ರಿ ಮಾಡಿಕೊಂಡೇ ಹಾಕಿ. ತಪ್ಪಿ ಕಾಯಿಲ್‌ನ ತೂತಿಗೆ 12 ವೋಲ್ಟ್ ಕೊಟ್ಟರೆ ಇಸಿಯು ಸುಡಬಹುದು. ಪಂಪ್ ಓಡಿತು ಅಂದರೆ ಪಂಪ್, ಹಿಂದಿನ ವೈರ್, ಅರ್ತ್ ಕನಿಷ್ಠ ಜೀವಂತವಾಗಿವೆ. ತೊಂದರೆ ರಿಲೇಯಲ್ಲೋ ಅದನ್ನು ಆನ್ ಮಾಡುವ ಸಿಗ್ನಲ್‌ನಲ್ಲೋ ಇದೆ. ಓಡದಿದ್ದರೆ ಹಿಂದಕ್ಕೆ ಹೋಗಬೇಕು. ಜಂಪರ್ ಹಾಕಿದಂತೆಯೇ ಊರೆಲ್ಲ ಓಡಿಸುವವರಿದ್ದಾರೆ. ಬೇಡ. ಅಪಘಾತವಾದರೆ ಪಂಪ್ ನಿಲ್ಲಿಸುವವರೇ ಇರುವುದಿಲ್ಲ.

12 ವೋಲ್ಟ್ ತೋರಿಸುತ್ತಿದೆ, ಆದರೂ ಕರೆಂಟ್ ಇಲ್ಲ

ಪಂಪ್ ಸಾಯದೆಯೇ ಅತಿ ಹೆಚ್ಚು ಪಂಪ್‌ಗಳು ಬದಲಾಗುವುದು ಈ ಹಂತದಲ್ಲಿ. ಮೆಕ್ಯಾನಿಕ್ ಹಿಂದಿನ ಕಪ್ಲರ್ ಬಿಚ್ಚಿ ಮೀಟರ್ ಇಡುತ್ತಾರೆ. 12.4 ವೋಲ್ಟ್ ಬರುತ್ತದೆ. "ಕರೆಂಟ್ ಬರ್ತಿದೆ, ಪಂಪ್ ಓಡ್ತಿಲ್ಲ, ಹಾಗಾದ್ರೆ ಪಂಪೇ ಹೋಗಿದೆ" ಎಂದು ತೀರ್ಮಾನ. ಕೇಳಲು ಸರಿಯಾಗಿದೆ, ಆದರೆ ತಪ್ಪು.

ಡಿಜಿಟಲ್ ಮೀಟರ್ ತನಗಾಗಿ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರಿನ ಎಲ್ಲ ಎಳೆಗಳೂ ಕೊಳೆತು ಒಂದೇ ಒಂದು ಉಳಿದಿದ್ದರೂ ಅದು 12.4 ತೋರಿಸುತ್ತದೆ. ಒಂದೇ ಎಳೆ ಉಳಿದ ಬಾವಿ ಹಗ್ಗ ಖಾಲಿ ಕೊಡವನ್ನು ತಡೆದುಕೊಳ್ಳುತ್ತದೆ, ನೀರು ತುಂಬಿದ ಮೇಲೆ ತಾನೇ ಗೊತ್ತಾಗುವುದು? ಸಣ್ಣ ಕಾರಿನ ಪಂಪ್ ಸುಮಾರು 3ರಿಂದ 6 ಆಂಪ್ ಎಳೆಯುತ್ತದೆ. ದಾರಿಯಲ್ಲೆಲ್ಲೋ ತುಕ್ಕು ಹಿಡಿದ ಒಂದು ಜಾಯಿಂಟ್‌ನಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ, 5 ಆಂಪ್ ಹರಿಯುವಾಗ ಅಲ್ಲೇ 2.5 ವೋಲ್ಟ್ ನಷ್ಟ. ಪಂಪ್‌ಗೆ ಉಳಿಯುವುದು 10ಕ್ಕಿಂತ ಕಡಿಮೆ. ಆ ಜಾಯಿಂಟ್‌ನಲ್ಲಿ 12 ವ್ಯಾಟ್‌ಗಿಂತ ಜಾಸ್ತಿ ಬಿಸಿ ಹುಟ್ಟುತ್ತದೆ. ಹಳೆ ಗಾಡಿಗಳ ಕಪ್ಲರ್ ಕರಗಿ ಅಂಟಿಕೊಳ್ಳುವುದು ಇದರಿಂದಲೇ.

ಹಾಗಾಗಿ ಅಳತೆ ಯಾವಾಗಲೂ ಲೋಡ್ ಇರುವಾಗ, ಅಂದರೆ ಕರೆಂಟ್ ನಿಜವಾಗಿ ಹರಿಯುತ್ತಿರುವಾಗ, ಆಗಬೇಕು.

ಪಂಪ್ ಓಡುತ್ತಿದ್ದರೆ ಪಂಪೇ ಲೋಡ್. ಓಡದಿದ್ದರೆ ಅದರ ಜಾಗದಲ್ಲಿ ಹೆಡ್‌ಲೈಟ್ ಬಲ್ಬ್. 60 ವ್ಯಾಟ್ ಫಿಲಮೆಂಟ್ ಸುಮಾರು 5 ಆಂಪ್ ಎಳೆಯುತ್ತದೆ, ಪಂಪ್‌ನಷ್ಟೇ. ಅನೇಕ ಹ್ಯುಂಡೈ ಕಾರುಗಳಲ್ಲಿ ಹಿಂದಿನ ಸೀಟ್ ಎತ್ತಿದರೆ ಒಂದು ಮುಚ್ಚಳ, ಅದರ ಕೆಳಗೆ ಪಂಪ್‌ನ ಕಪ್ಲರ್ ಇರುತ್ತದೆ. ಕೆಲವು ಕಾರುಗಳಲ್ಲಿ ಟ್ಯಾಂಕ್ ಇಳಿಸಿದ ಹೊರತು ಪಂಪ್ ಕಾಣುವುದಿಲ್ಲ. ಆಗ ಡಯಾಗ್ರಾಮ್ ನೋಡಿ, ಟ್ಯಾಂಕ್‌ಗೆ ಹೋಗುವ ವೈರ್ ಸೇರುವ ಕಪ್ಲರ್ ಎಲ್ಲಿದೆ ಅಂತ ಹುಡುಕಿ. ಅದರಲ್ಲಿ ದಪ್ಪ ವೈರ್ ಎರಡು ಪಂಪ್‌ನವು, ಸಣ್ಣವು ಪೆಟ್ರೋಲ್ ಗೇಜ್‌ನವು.

ಕೀ ಆಫ್ ಇರುವಾಗ ಕಪ್ಲರ್ ಬಿಚ್ಚಿ, ಹಾರ್ನೆಸ್ ಕಡೆಯ ಎರಡು ದಪ್ಪ ಟರ್ಮಿನಲ್‌ಗಳಿಗೆ ಬಲ್ಬಿನ ವೈರ್ ಜೋಡಿಸಿ. ಹ್ಯಾಲೊಜನ್ ಬಲ್ಬ್ ಬೆಂಕಿಯಷ್ಟೇ ಬಿಸಿಯಾಗುತ್ತದೆ. ಅದನ್ನು ಉದ್ದ ವೈರ್‌ನಲ್ಲಿ ಗಾಡಿಯ ಹೊರಗೆ, ಕಲ್ಲಿನ ಮೇಲೋ ಇಟ್ಟಿಗೆಯ ಮೇಲೋ ಇಡಿ. ಪಂಪ್ ಬಿಚ್ಚಿ ಟ್ಯಾಂಕ್ ಬಾಯಿ ತೆರೆದಿದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಮುಂದೆ ಜಂಪರ್ ಹಾಕಿ ಕೀ ಆನ್ ಮಾಡಿ. ಬ್ಯಾಟರಿಗೆ ನೇರ ಕೊಟ್ಟಾಗ ಬಲ್ಬ್ ಎಷ್ಟು ಬೆಳಗುತ್ತದೋ ಅಷ್ಟೇ ಬೆಳಗಬೇಕು. ಮಂಕಾಗಿ ಕೆಂಪಗೆ ಉರಿದರೆ ವೈರಿಂಗ್ ಕೆಟ್ಟಿದೆ, ಪಂಪ್‌ನ ತಪ್ಪಿಲ್ಲ. ಜೋರಾಗಿ ಬೆಳಗಿದರೆ ವೈರಿಂಗ್ ಸರಿಯಿದೆ, ಪಂಪ್ ಮೇಲೆ ಅನುಮಾನ ಪಡಲು ಈಗ ನಿಮಗೆ ಹಕ್ಕಿದೆ.

ನಷ್ಟ ಎಲ್ಲಿ ಆಗುತ್ತಿದೆ?

ಲೋಡ್ ಹಾಗೇ ಇರಲಿ. ಮೀಟರ್ 20 ವೋಲ್ಟ್ ಡಿಸಿ ರೇಂಜ್‌ನಲ್ಲಿರಲಿ. ಉದ್ದದ ವೈರ್ ಬಳಸಿ ಮೀಟರಿನ ಒಂದು ಪ್ರೋಬನ್ನು (ಮುಟ್ಟಿಸುವ ಕಡ್ಡಿಯನ್ನು) ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಹಿಂದಿನ ಕಪ್ಲರ್‌ನ ಪ್ಲಸ್‌ಗೆ ಮುಟ್ಟಿಸಿ. ಈಗ ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ಧ ವೋಲ್ಟ್ ಒಳಗಿದ್ದರೆ ಒಳ್ಳೆಯದು. ಒಂದರ ಹತ್ತಿರ ಬಂದರೆ ಹಳೆ ಗಾಡಿ ಅಂತ ಸಹಿಸಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಹುಡುಕಲೇಬೇಕು.

ಹುಡುಕುವ ವಿಧಾನ ಹೀಗೆ. ಬ್ಯಾಟರಿಯ ಪ್ರೋಬ್ ಅಲ್ಲೇ ಇರಲಿ, ಇನ್ನೊಂದನ್ನು ಹಿಂದಿನಿಂದ ಮುಂದಕ್ಕೆ ತನ್ನಿ. ಹಿಂದಿನ ಕಪ್ಲರ್‌ನಲ್ಲಿ 2.3 ನಷ್ಟ, ಡ್ಯಾಶ್‌ಬೋರ್ಡ್ ಕೆಳಗಿನ ಕಪ್ಲರ್‌ನಲ್ಲೂ 2.2, ರಿಲೇಯ 87ರಲ್ಲಿ ಬರೀ 0.3 ಅಂತ ಇಟ್ಟುಕೊಳ್ಳಿ. ಹಾಗಾದರೆ ಎರಡು ವೋಲ್ಟ್ ಕಳೆಯುತ್ತಿರುವುದು ರಿಲೇ ಮತ್ತು ಡ್ಯಾಶ್‌ಬೋರ್ಡ್ ಕಪ್ಲರ್ ಮಧ್ಯೆ. ಇಡೀ ಹಾರ್ನೆಸ್ ಬಿಚ್ಚುವ ಅಗತ್ಯವೇ ಇಲ್ಲ. ಕಪ್ಲರ್‌ನಲ್ಲಿ ಅಳೆಯುವಾಗ ವೈರ್ ಹೋಗುವ ಹಿಂಭಾಗದಿಂದ ತೆಳ್ಳನೆ ಪಿನ್ ತೂರಿಸಿ. ವೈರಿನ ಸಿಪ್ಪೆ ಚುಚ್ಚಿದರೆ ಆ ತೂತಿನಿಂದ ನೀರು ಇಳಿದು ಮುಂದಿನ ಮಳೆಗಾಲಕ್ಕೆ ಹೊಸ ತುಕ್ಕು ಶುರುವಾಗುತ್ತದೆ. ಜಂಪರ್ ಹಾಕಿದಾಗ ರಿಲೇ ಲೆಕ್ಕಕ್ಕೇ ಬರುವುದಿಲ್ಲ ಎನ್ನುವುದು ನೆನಪಿರಲಿ. ಎಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ರಿಲೇ ವಾಪಸ್ ಹಾಕಿ, ಅದರ 30 ಮತ್ತು 87ರ ಮಧ್ಯೆಯೂ ಅಳೆಯಿರಿ. 0.2 ವೋಲ್ಟ್ ದಾಟಿದರೆ ರಿಲೇ ಬದಲಿಸಿ.

ಅರ್ತ್ ಕಡೆಗೂ ಇದೇ ಪರೀಕ್ಷೆ: ಬ್ಯಾಟರಿಯ ಮೈನಸ್‌ನಿಂದ ಪಂಪ್‌ನ ಕಪ್ಪು ವೈರ್‌ಗೆ. ಇಲ್ಲಿ 0.2 ವೋಲ್ಟ್‌ಗಿಂತ ಹೆಚ್ಚು ಇರಬಾರದು. ಮಂಗಳೂರು, ಉಡುಪಿ, ಕಾರವಾರದ ಗಾಡಿಯಾದರೆ ನಾನು ಅರ್ತ್‌ನಿಂದಲೇ ಶುರು ಮಾಡುತ್ತೇನೆ. ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಅದೇ. ಡಿಕ್ಕಿಯೊಳಗೆ ಅಥವಾ ಸೀಟಿನ ಕೆಳಗೆ ಬಾಡಿಗೆ ಬಿಗಿದ ಸ್ಕ್ರೂ ಬಿಚ್ಚಿ, ವೈರಿನ ತುದಿಯ ಲಗ್ಗನ್ನೂ ಅದರ ಕೆಳಗಿನ ಬಾಡಿಯನ್ನೂ ಲೋಹ ಹೊಳೆಯುವ ತನಕ ಉಜ್ಜಿ, ಗಟ್ಟಿಯಾಗಿ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಟಿಂಕರಿಂಗ್ ಆದ ಗಾಡಿಯಲ್ಲಿ ಪೇಂಟ್ ಮೇಲೇ ಅರ್ತ್ ಬಿಗಿದಿರುವುದನ್ನೂ ನೋಡಬಹುದು.

ರಿಲೇಗೆ ಅಪ್ಪಣೆ ಬರ್ತಿದೆಯಾ?

ಜಂಪರ್ ಹಾಕಿದರೆ ಪಂಪ್ ಓಡುತ್ತದೆ, ರಿಲೇ ಹಾಕಿದರೆ ಓಡುವುದಿಲ್ಲ, ರಿಲೇ ಸರಿಯಿದೆ. ಹಾಗಾದರೆ ಕಾಯಿಲ್ ಕಡೆ ನೋಡಬೇಕು. ಹೆಚ್ಚಿನ ಗಾಡಿಗಳಲ್ಲಿ ಕಾಯಿಲ್‌ನ ಒಂದು ತುದಿಗೆ 12 ವೋಲ್ಟ್ ಬರುತ್ತದೆ, ಇನ್ನೊಂದು ತುದಿಯನ್ನು ಇಸಿಯು ಅರ್ತ್ ಮಾಡುತ್ತದೆ. ಕೀ ಆನ್ ಮಾಡಿದ ಮೊದಲ ಎರಡು ಸೆಕೆಂಡ್, ಮತ್ತು ಸೆಲ್ಫ್ ಹೊಡೆಯುವಾಗ, ಆ ತುದಿ ಸೊನ್ನೆಯ ಹತ್ತಿರ ಇಳಿಯಬೇಕು. ಇಲ್ಲಿ ಮೀಟರ್ ಮಾತ್ರ ಬಳಸಿ. ಹೆಡ್‌ಲೈಟ್ ಬಲ್ಬ್ ಎಳೆಯುವ ಕರೆಂಟನ್ನು ಇಸಿಯು ತಡೆದುಕೊಳ್ಳುವುದಿಲ್ಲ.

ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಓಡಿ, ಸೆಲ್ಫ್ ಹೊಡೆಯುವಾಗ ಪಂಪ್ ಓಡದಿದ್ದರೆ ಎಂಜಿನ್ ತಿರುಗುವ ಸಿಗ್ನಲ್ ಸಿಗುತ್ತಿಲ್ಲ. ಕ್ರ್ಯಾಂಕ್ ಸೆನ್ಸರ್, ಅಥವಾ ಕೆಲವು ಹಳೆ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಸೆನ್ಸರ್ ನೋಡಿ. ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಕೀಯ ದೀಪ ಮಿಣುಕುತ್ತಿದೆಯಾ ಅಂತಲೂ ಗಮನಿಸಿ. ಫಿಯೆಟ್, ಫೋರ್ಡ್‌ನ ಕೆಲವು ಕಾರುಗಳಲ್ಲಿ ಗುದ್ದಿದಾಗ ಪಂಪ್ ಕಟ್ ಮಾಡುವ ಇನರ್ಷಿಯಾ ಸ್ವಿಚ್ ಇದೆ. ದೊಡ್ಡ ಹಳ್ಳಕ್ಕೆ ಇಳಿಸಿದರೂ ಅದು ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ. ಅದರ ಮೇಲಿನ ಗುಂಡಿ ಒತ್ತಿದರೆ ಮುಗಿಯಿತು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ತಲೆನೋವು ಹೊರಗಿನಿಂದ ಹಾಕಿಸಿದ ಸಾಮಾನು. ಸೆಂಟ್ರಲ್ ಲಾಕ್ ಅಲಾರಂ, ಜಿಪಿಎಸ್ ಟ್ರ್ಯಾಕರ್, ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್. ಇವುಗಳಲ್ಲಿ ಬಹಳಷ್ಟು ಪಂಪ್‌ನ ವೈರನ್ನೇ ಕತ್ತರಿಸಿ ಮಧ್ಯೆ ತಮ್ಮದೊಂದು ರಿಲೇ ಕೂರಿಸಿರುತ್ತವೆ. ಎರಡು ವೈರ್ ಹೊಸೆದು ಕಪ್ಪು ಟೇಪ್ ಸುತ್ತಿದ ಜಾಯಿಂಟ್ ಡ್ಯಾಶ್‌ಬೋರ್ಡ್ ಕೆಳಗೆ ಕಂಡರೆ, ಬೇರೆಲ್ಲ ಬಿಟ್ಟು ಮೊದಲು ಅಲ್ಲೇ ಅಳೆಯಿರಿ. ಕೆಲಸ ಮಾಡದ ಹಳೆ ಅಲಾರಂ ಇದ್ದರೆ ಕಿತ್ತು, ಮೂಲ ವೈರನ್ನು ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ತೊಡಿಸಿ.

ಒಮ್ಮೆ ಸ್ಟಾರ್ಟ್ ಆಗಿ ಒಮ್ಮೆ ಆಗದಿದ್ದರೆ

ಬಿಸಿಲಲ್ಲಿ ನಿಂತ ಗಾಡಿ ಸ್ಟಾರ್ಟ್ ಆಗದೆ, ಸಂಜೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟರೆ ರಿಲೇಯ ಒಳಗಿನ ಬೆಸುಗೆ ಬಿರುಕು ಬಿಟ್ಟಿರಬಹುದು. 1990ರ ದಶಕದ ಹೋಂಡಾಗಳ ಮೇನ್ ರಿಲೇ ಈ ಕಾಯಿಲೆಗೆ ಹೆಸರುವಾಸಿ. ಬೋರ್ಡ್ ಹೊರತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಉಂಗುರದಂಥ ಬಿರುಕು ಕಾಣುತ್ತದೆ. ಮತ್ತೆ ಬೆಸುಗೆ ಹಾಕಿದರೆ ಸರಿಹೋಗುತ್ತದೆ. ತಣ್ಣಗಿದ್ದಾಗ ಪರೀಕ್ಷೆ ಮಾಡಿ "ಎಲ್ಲ ಸರಿ ಇದೆ" ಅಂದರೆ ಪ್ರಯೋಜನವಿಲ್ಲ. ತೊಂದರೆ ಬಂದ ಕ್ಷಣದಲ್ಲೇ ಅಳೆಯಬೇಕು. ಅದಕ್ಕಾಗಿ ಪಂಪ್‌ನ ಪ್ಲಸ್‌ನಿಂದ ಡ್ಯಾಶ್‌ಬೋರ್ಡ್ ತನಕ ತಾತ್ಕಾಲಿಕವಾಗಿ ಒಂದು ತೆಳು ವೈರ್ ಎಳೆದು, ಹಿಂದಿನ ತುದಿಯಲ್ಲಿ 1 ಆಂಪ್ ಫ್ಯೂಸ್ ಹಾಕಿ, ಮುಂದೆ ಮೀಟರ್ ಜೋಡಿಸಿಟ್ಟುಕೊಂಡು ಓಡಿಸಿ. ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಮೀಟರ್ ಸೊನ್ನೆಗೆ ಬಿದ್ದು ಗಾಡಿ ನಿಂತರೆ ತಪ್ಪು ಮುಂದಿನ ಕಡೆ ಇದೆ. 12 ಇದ್ದೂ ನಿಂತರೆ ಪಂಪ್ ಅಥವಾ ಅದರ ಅರ್ತ್ ಮೇಲೆ ಅನುಮಾನ.

ಪಂಪೇ ಹೋಗಿದ್ದರೆ

ಪಂಪ್‌ನ ಎರಡು ಟರ್ಮಿನಲ್‌ಗಳಿಗೆ ಲೋಡ್‌ನಲ್ಲೂ 11.5 ವೋಲ್ಟ್‌ಗಿಂತ ಹೆಚ್ಚು ಸಿಗುತ್ತಿದೆ, ಆದರೂ ತಿರುಗುತ್ತಿಲ್ಲ. ಆಗ ಪಂಪ್ ಹೋಗಿದೆ. ಟ್ಯಾಂಕ್ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಓಡಿದರೆ ಬ್ರಷ್ (ಪಂಪ್ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿದೆ. ಗ್ಯಾರೇಜ್ ತನಕ ತಲುಪಲು ಅದು ಸಾಕು, ದೂರದ ಊರಿಗೆ ಹೊರಡಬೇಡಿ.

ಓಡುತ್ತಿರುವ ಪಂಪ್‌ನ ಆರೋಗ್ಯ ನೋಡಲು ಫ್ಯೂಸ್ ಜಾಗದಲ್ಲಿ ಮೀಟರನ್ನು 10 ಆಂಪ್ ರೇಂಜ್‌ನಲ್ಲಿ ಜೋಡಿಸಿ. ಕೆಂಪು ಪ್ರೋಬನ್ನು ಆಂಪ್ ತೂತಿಗೆ ಬದಲಿಸಲು ಮರೆಯಬೇಡಿ, ಅಳೆದಾದ ಮೇಲೆ ವಾಪಸ್ ಹಾಕಲೂ. ಆ ಫ್ಯೂಸ್ ಮೇಲೆ ಪಂಪ್ ಒಂದೇ ಇದೆಯಾ ಅಂತಲೂ ನೋಡಿಕೊಳ್ಳಿ. 3ರಿಂದ 6 ಆಂಪ್ ಸಹಜ. 8ರ ಮೇಲೆ ಹೋದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪ್ ಬಿಗಿಯಾಗಿದೆ. ವೋಲ್ಟ್ ಪೂರ್ತಿ ಇದ್ದು 2 ಆಂಪ್ ಕೂಡ ಎಳೆಯದಿದ್ದರೆ ಬ್ರಷ್ ಸವೆದಿದೆ, ಅಥವಾ ಟ್ಯಾಂಕ್‌ನಲ್ಲಿ ಪೆಟ್ರೋಲ್ ಇಲ್ಲದೆ ಸುಮ್ನೆ ತಿರುಗುತ್ತಿದೆ. ನಗಬೇಡಿ, ಹಳೆ ಗಾಡಿಯ ಗೇಜ್ ಸುಳ್ಳು ಹೇಳುವುದು ಹೊಸದೇನಲ್ಲ. ಪಂಪ್ ತಣ್ಣಗಿರುವುದು ಅದು ಮುಳುಗಿರುವ ಪೆಟ್ರೋಲ್‌ನಿಂದ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಸವೆಯುತ್ತದೆ.

ಹೊಸ ಪಂಪ್ ಹಾಕುವುದಾದರೆ ಮೊದಲು ಲೈನ್‌ನ ಒತ್ತಡ ಇಳಿಸಿ. ಎಂಜಿನ್ ಓಡುತ್ತಿದ್ದರೆ ಪಂಪ್ ಫ್ಯೂಸ್ ಕಿತ್ತು ಅದು ತಾನಾಗಿ ನಿಲ್ಲುವ ತನಕ ಬಿಡಿ, ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ. ಹಳೆ ಕಪ್ಲರ್ ಕಪ್ಪಾಗಿದ್ದರೆ ಅದನ್ನೂ ಬದಲಿಸಿ. ಸಡಿಲವಾದ ಹಳೆ ಟರ್ಮಿನಲ್‌ಗೆ ಹೊಸ ಪಂಪ್ ಸಿಕ್ಕಿಸಿದರೆ ಅದೂ ಕರಗುತ್ತದೆ. ಟ್ಯಾಂಕ್ ಬಾಯಿಯ ರಬ್ಬರ್ ಸೀಲ್ ಹೊಸದೇ ಇರಲಿ. ಎಲ್ಲ ಬಿಗಿದ ಮೇಲೆ ಸೆಲ್ಫ್ ಹೊಡೆಯದೆ ಕೀಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ, ಒತ್ತಡ ತುಂಬಲಿ. ಪೈಪ್ ಜಾಯಿಂಟ್‌ಗಳ ಸುತ್ತ ಒಣಗಿದ ಬಿಳಿ ಬಟ್ಟೆಯಿಂದ ಒರೆಸಿ, ಒದ್ದೆಯಾಗುತ್ತದೆಯಾ ನೋಡಿ. ಎಂಜಿನ್ ಓಡುವಾಗ ಇನ್ನೊಂದು ಸಲ ಪಂಪ್‌ನ ತುದಿಯಲ್ಲಿ ವೋಲ್ಟ್ ಅಳೆದು, ಆ ಅಂಕಿಯನ್ನು ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಬರೆದಿಡಿ. ಆಮೇಲೆ ಸೀಟ್ ವಾಪಸ್ ಕೂರಿಸಬಹುದು.